ವಾಲ್ಟರ್ ಬಾಡೆ

ವಾಲ್ಟರ್ ಬಾಡೆ (24 ಮಾರ್ಚ್ 1893 – 25 ಜೂನ್ 1960) ಜರ್ಮನಿಯಲ್ಲಿ ಜನಿಸಿ, ವೃತ್ತಿಜೀವನದ ಬಹುಭಾಗವನ್ನು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಳೆದ ಖಗೋಳವಿಜ್ಞಾನಿ. ಇಪ್ಪತ್ತನೆಯ ಶತಮಾನದ ಶ್ರೇಷ್ಠ ವೀಕ್ಷಕ ಖಗೋಳಜ್ಞರಲ್ಲಿ ಇವರ ಹೆಸರು ಮುಂಚೂಣಿಯಲ್ಲಿದೆ. ನಕ್ಷತ್ರಗಳಲ್ಲಿ ಎರಡು ಸಮುದಾಯಗಳಿವೆ ಎಂಬುದನ್ನು ಗುರುತಿಸಿದ್ದು, ವಿಶ್ವದ ದೂರಮಾನವನ್ನು ತಿದ್ದಿ ಅದು ಹಿಂದೆ ಎಣಿಸಿದ್ದಕ್ಕಿಂತ ಇಮ್ಮಡಿ ವಿಸ್ತಾರವಾಗಿದೆಯೆಂದು ತೋರಿಸಿದ್ದು ಇವರ ಪ್ರಮುಖ ಸಾಧನೆಗಳು. ಫ್ರಿಟ್ಸ್ ಜ್ವಿಕಿ ಅವರೊಡನೆ ಸೂಪರ್‌ನೋವಾ ಎಂಬ ವರ್ಗವನ್ನು ಪ್ರತ್ಯೇಕಿಸಿ, ನ್ಯೂಟ್ರಾನ್ ನಕ್ಷತ್ರಗಳ ಅಸ್ತಿತ್ವವನ್ನು ಮುಂಗಂಡವರೂ ಇವರೇ. ಆಕಾಶದ ಛಾಯಾಗ್ರಹಣಕ್ಕೆ ಯಾವ ಬಗೆಯ ಫಲಕವನ್ನು ಆರಿಸಬೇಕು, ಅದನ್ನು ಹೇಗೆ ಸಿದ್ಧಗೊಳಿಸಬೇಕು, ಎಷ್ಟು ಹೊತ್ತು ಬೆಳಕಿಗೆ ಒಡ್ಡಬೇಕು ಎಂಬ ವಿವೇಚನೆಯಲ್ಲಿ ಬಾಡೆಯವರಿಗಿದ್ದ ಪರಿಣತಿಯೇ ಈ ಸಾಧನೆಗಳಲ್ಲಿ ಹಲವಕ್ಕೆ ಬುನಾದಿಯಾಯಿತು.

ಬಾಲ್ಯ ಮತ್ತು ಶಿಕ್ಷಣ

ಬಾಡೆ ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದ ಶ್ರೋಟಿಂಗ್‌ಹೌಸೆನ್ ಎಂಬ ಊರಿನಲ್ಲಿ ಶಾಲಾ ಶಿಕ್ಷಕರೊಬ್ಬರ ಮಗನಾಗಿ ಜನಿಸಿದರು. ಪೂರ್ಣ ಹೆಸರು ವಿಲ್ಹೆಲ್ಮ್ ಹೈನ್‌ರಿಷ್ ವಾಲ್ಟರ್ ಬಾಡೆ. ಮಗ ದೈವಶಾಸ್ತ್ರ ಓದಿ ಧರ್ಮಬೋಧಕನಾಗಬೇಕೆಂಬುದು ಮನೆಯವರ ಬಯಕೆಯಾಗಿತ್ತು. ಆದರೆ ಹೆರ್‌ಫೋರ್ಡಿನ ಪ್ರೌಢಶಾಲೆಯಲ್ಲಿದ್ದಾಗಲೇ ಅವರ ಮನಸ್ಸು ಗಣಿತ ಮತ್ತು ಖಗೋಳವಿಜ್ಞಾನದ ಕಡೆಗೆ ಹೊರಳಿತ್ತು. 1912ರಲ್ಲಿ ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯವನ್ನು ಸೇರಿದ ಅವರು ಮರುವರ್ಷ ಗಟಿಂಗೆನ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಗಣಿತ ಮತ್ತು ಭೌತವಿಜ್ಞಾನಗಳಲ್ಲಿ ಆ ಕಾಲದ ಯೂರೋಪಿಗೇ ಹಿರಿದೆನಿಸಿದ ವಿದ್ಯಾಕೇಂದ್ರ ಅದು.

ಹುಟ್ಟಿನಿಂದಲೇ ಸೊಂಟದ ಕೀಲಿನಲ್ಲಿ ದೋಷವಿದ್ದುದರಿಂದ ಬಾಡೆ ಜೀವನವಿಡೀ ಕುಂಟುತ್ತಲೇ ನಡೆಯಬೇಕಾಯಿತು. ಈ ಕಾರಣದಿಂದ ಮೊದಲನೆಯ ಮಹಾಯುದ್ಧದಲ್ಲಿ ಅವರನ್ನು ರಣರಂಗಕ್ಕೆ ಕಳುಹಿಸಲಿಲ್ಲ; ಗಟಿಂಗೆನ್ನಿನ ವಾಯುಚಲನ ಪ್ರಯೋಗಾಲಯದಲ್ಲಿ ಕೆಲಸಕ್ಕೆ ನೇಮಿಸಲಾಯಿತು. ಅದರ ನಡುವೆಯೇ ಅಧ್ಯಯನವನ್ನು ಮುಂದುವರಿಸಿ, ಬೀಟಾ ಲೈರೆ ಎಂಬ ಜೋಡಿ ನಕ್ಷತ್ರದ ಕುರಿತ ಪ್ರಬಂಧಕ್ಕಾಗಿ 1919ರಲ್ಲಿ ಡಾಕ್ಟರೇಟ್ ಪದವಿ ಪಡೆದರು.

ಹ್ಯಾಂಬರ್ಗಿನ ವರ್ಷಗಳು

1919ರಲ್ಲಿ ಬಾಡೆ ಹ್ಯಾಂಬರ್ಗ್ ನಗರದ ಹೊರವಲಯದಲ್ಲಿರುವ ಬರ್ಗೆಡಾರ್ಫ್ ವೀಕ್ಷಣಾಲಯದಲ್ಲಿ ಸಹಾಯಕರಾಗಿ ಸೇರಿದರು. ಅಲ್ಲಿ ಒಂದು ಮೀಟರ್ ವ್ಯಾಸದ ದರ್ಪಣವುಳ್ಳ ದೂರದರ್ಶಕವಿತ್ತು. ರಾತ್ರಿಯೆಲ್ಲ ಅದರ ಬಳಿ ಕುಳಿತು ಗಾಜಿನ ಫಲಕಗಳ ಮೇಲೆ ಆಕಾಶದ ಚಿತ್ರ ತೆಗೆಯುವುದು, ಮರುದಿನ ಆ ಫಲಕಗಳನ್ನು ಇಂಚಿಂಚಾಗಿ ಪರಿಶೀಲಿಸುವುದು ಅವರ ದಿನಚರಿಯಾಯಿತು. 1920ರಲ್ಲಿ ಹಿಡಾಲ್ಗೊ ಎಂಬ ಕ್ಷುದ್ರಗ್ರಹವನ್ನು ಅವರು ಕಂಡುಹಿಡಿದರು. ಮಂಗಳ ಮತ್ತು ಗುರು ಗ್ರಹಗಳ ನಡುವಿನ ಪಟ್ಟಿಯಲ್ಲಷ್ಟೇ ಸುತ್ತುವ ಇತರ ಕ್ಷುದ್ರಗ್ರಹಗಳಂತಲ್ಲದೆ ಇದು ಶನಿಯ ಕಕ್ಷೆಯ ಸಮೀಪದವರೆಗೂ ಹೋಗಿ ಮರಳುತ್ತದೆ. 1922ರಲ್ಲಿ ಒಂದು ಧೂಮಕೇತುವನ್ನೂ 1924ರಲ್ಲಿ ಗ್ಯಾನಿಮೆಡ್ ಎಂಬ ಕ್ಷುದ್ರಗ್ರಹವನ್ನೂ ಪತ್ತೆಹಚ್ಚಿದರು. ಈ ಗ್ಯಾನಿಮೆಡ್ ಗುರುಗ್ರಹದ ಅದೇ ಹೆಸರಿನ ಉಪಗ್ರಹವಲ್ಲ; ಭೂಮಿಯ ಕಕ್ಷೆಯ ನೆರೆಗೆ ಬರುವ ಕ್ಷುದ್ರಗ್ರಹಗಳಲ್ಲಿ ಅತಿ ದೊಡ್ಡದು.

1926–27ರಲ್ಲಿ ರಾಕ್‌ಫೆಲ್ಲರ್ ವಿದ್ಯಾರ್ಥಿವೇತನದ ನೆರವಿನಿಂದ ಬಾಡೆ ಅಮೆರಿಕದ ದೊಡ್ಡ ವೀಕ್ಷಣಾಲಯಗಳನ್ನು ನೋಡಿಬಂದರು. ಕ್ಯಾಲಿಫೋರ್ನಿಯಾದ ನಿರ್ಮಲ ಆಕಾಶವನ್ನೂ ಅಲ್ಲಿನ ಬೃಹತ್ ದೂರದರ್ಶಕಗಳನ್ನೂ ಕಂಡ ಮೇಲೆ, ಮೋಡ ಮುಸುಕಿದ ಉತ್ತರ ಜರ್ಮನಿಯಲ್ಲಿ ತಾವು ಬಯಸಿದ ಕೆಲಸ ಸಾಧ್ಯವಾಗದೆಂಬುದು ಅವರಿಗೆ ಮನವರಿಕೆಯಾಯಿತು.

ಬರ್ಗೆಡಾರ್ಫಿನಲ್ಲಿ ಬಾಡೆಯವರ ಸಂಗಡಿಗರಾಗಿದ್ದವರು ಬರ್ನ್‌ಹಾರ್ಡ್ ಸ್ಮಿತ್. ಬಾಲ್ಯದ ಅಪಘಾತವೊಂದರಲ್ಲಿ ಬಲಗೈ ಕಳೆದುಕೊಂಡಿದ್ದರೂ ದರ್ಪಣಗಳನ್ನು ಉಜ್ಜಿ ಹದಗೊಳಿಸುವುದರಲ್ಲಿ ಅವರು ಅಸಾಧಾರಣ ಕುಶಲರಾಗಿದ್ದರು. 1929ರ ಮೇ ತಿಂಗಳ ಸೂರ್ಯಗ್ರಹಣವನ್ನು ವೀಕ್ಷಿಸಲು ಇವರಿಬ್ಬರೂ ಫಿಲಿಪೀನ್ಸ್ ದ್ವೀಪಗಳಿಗೆ ಪ್ರಯಾಣ ಬೆಳೆಸಿದರು. ಆಕಾಶದ ವಿಶಾಲ ಭಾಗವೊಂದನ್ನು ಅಂಚಿನವರೆಗೂ ಸ್ಫುಟವಾಗಿ ಒಂದೇ ಫಲಕದಲ್ಲಿ ಹಿಡಿಯಬಲ್ಲ ಕ್ಯಾಮೆರಾದ ಕಲ್ಪನೆ ಆ ದೀರ್ಘ ಸಮುದ್ರಯಾನದಲ್ಲಿ ಚರ್ಚೆಗೆ ಬಂದಿತು. ಬಾಡೆಯವರ ಒತ್ತಾಸೆಯಿಂದ ಸ್ಮಿತ್ 1930ರಲ್ಲಿ ಅದನ್ನು ನಿರ್ಮಿಸಿದರು. ಮುಂದೆ ಸ್ಮಿತ್ ಕ್ಯಾಮೆರಾ ಎಂದೇ ಹೆಸರಾದ ಈ ಉಪಕರಣದ ಮಹತ್ವವನ್ನು ಅಮೆರಿಕದ ಖಗೋಳಜ್ಞರಿಗೆ ಮನಗಾಣಿಸಿದವರಲ್ಲಿ ಬಾಡೆ ಪ್ರಮುಖರು. ಅದೇ 1929ರಲ್ಲಿ ಬಾಡೆ ವಿವಾಹವಾದರು. ಪತ್ನಿಯನ್ನು ಆತ್ಮೀಯರು ಕರೆಯುತ್ತಿದ್ದ ಮುಷಿ ಎಂಬ ಹೆಸರು, ಬಾಡೆ ಕಂಡುಹಿಡಿದ ಕ್ಷುದ್ರಗ್ರಹವೊಂದರ ಹೆಸರಾಗಿ ಉಳಿದಿದೆ.

ಮೌಂಟ್ ವಿಲ್ಸನ್ ವೀಕ್ಷಣಾಲಯ

1931ರಲ್ಲಿ ಬಾಡೆ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ವೀಕ್ಷಣಾಲಯದ ಸಿಬ್ಬಂದಿಯಾಗಿ ಸೇರಿದರು. ಅಲ್ಲಿದ್ದ 100 ಅಂಗುಲ ವ್ಯಾಸದ ಹೂಕರ್ ದೂರದರ್ಶಕ ಆಗ ಜಗತ್ತಿನಲ್ಲೇ ದೊಡ್ಡದು. ಇದೇ ಉಪಕರಣದಿಂದ ಎಡ್ವಿನ್ ಹಬಲ್ ಅವರು ಆಂಡ್ರೊಮಿಡಾ ನೀಹಾರಿಕೆ ನಮ್ಮ ಕ್ಷೀರಪಥದ ಆಚೆಗಿರುವ ಪ್ರತ್ಯೇಕ ಗ್ಯಾಲಕ್ಸಿ ಎಂಬುದನ್ನು 1920ರ ದಶಕದಲ್ಲಿ ಸಾಬೀತುಪಡಿಸಿದ್ದರು.

ಅಲ್ಲಿ ಬಾಡೆಯವರ ಮೊದಲ ಮಹತ್ವದ ಕೆಲಸ ನಡೆದದ್ದು ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯ ಫ್ರಿಟ್ಸ್ ಜ್ವಿಕಿ ಅವರೊಡನೆ. ನೋವಾಗಳೆಂದು ಕರೆಯಲಾಗುತ್ತಿದ್ದ ಸ್ಫೋಟಗಳಲ್ಲಿ ಕೆಲವು ಉಳಿದವುಗಳಿಗಿಂತ ಸಾವಿರಾರು ಪಟ್ಟು ಪ್ರಖರವಾಗಿರುವುದನ್ನು ಇಬ್ಬರೂ ಎತ್ತಿ ತೋರಿಸಿ, ಅವುಗಳನ್ನು ಸೂಪರ್‌ನೋವಾ ಎಂಬ ಬೇರೆ ವರ್ಗಕ್ಕೆ ಸೇರಿಸಿದರು. 1934ರಲ್ಲಿ ಪ್ರಕಟವಾದ ಲೇಖನಗಳಲ್ಲಿ, ಸಾಮಾನ್ಯ ನಕ್ಷತ್ರವೊಂದು ನ್ಯೂಟ್ರಾನ್‌ಗಳಿಂದಲೇ ಆದ ಅತ್ಯಂತ ಸಾಂದ್ರ ನಕ್ಷತ್ರವಾಗಿ ಕುಸಿಯುವಾಗ ಇಂಥ ಸ್ಫೋಟ ಸಂಭವಿಸುತ್ತದೆಂದು ಸೂಚಿಸಿದರು. ನ್ಯೂಟ್ರಾನ್ ಕಣದ ಶೋಧನೆಯಾಗಿ ಆಗಿನ್ನೂ ಎರಡು ವರ್ಷವಾಗಿತ್ತಷ್ಟೆ. ಈ ಊಹೆ ನಿಜವೆಂದು ಸ್ಥಿರಪಟ್ಟದ್ದು 1960ರ ದಶಕದ ಕೊನೆಯಲ್ಲಿ, ಬಾಡೆಯವರ ಮರಣಾನಂತರ.

ಕ್ರಿ.ಶ. 1054ರಲ್ಲಿ ಚೀನಾದ ಖಗೋಳಜ್ಞರು ದಾಖಲಿಸಿದ ಹೊಸ ನಕ್ಷತ್ರದ ಅವಶೇಷವಾದ ಏಡಿ ನೀಹಾರಿಕೆಯನ್ನು ಬಾಡೆ 1942ರಲ್ಲಿ ವಿವರವಾಗಿ ಅಧ್ಯಯನ ಮಾಡಿದರು. ಅದರ ನಡುವಿನ ಎರಡು ಮಂದ ನಕ್ಷತ್ರಗಳಲ್ಲಿ ಯಾವುದು ಸ್ಫೋಟದ ಉಳಿಕೆಯಾಗಿರಬಹುದೆಂದು ಅವರು ಗುರುತಿಸಿದ್ದರೋ, ಅದೇ 1969ರಲ್ಲಿ ಪಲ್ಸಾರ್ ಎಂದು ತಿಳಿದುಬಂದಿತು. 1604ರಲ್ಲಿ ಕೆಪ್ಲರ್ ವೀಕ್ಷಿಸಿದ್ದ ಸೂಪರ್‌ನೋವಾದ ಅವಶೇಷವನ್ನೂ ಬಾಡೆ ಫಲಕಗಳ ಮೂಲಕ ಪತ್ತೆಹಚ್ಚಿದರು.

ಛಾಯಾಗ್ರಹಣ ಫಲಕಗಳ ಸಮಸ್ಯೆ

ಬಾಡೆಯವರ ಮುಂದಿನ ಶೋಧನೆಯನ್ನು ಅರಿಯಲು ಆ ಕಾಲದ ಖಗೋಳ ಛಾಯಾಗ್ರಹಣದ ಕ್ರಮವನ್ನು ತಿಳಿಯುವುದು ಅವಶ್ಯಕ. ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳನ್ನು ಜೆಲಾಟಿನ್‌ನಲ್ಲಿ ಬೆರೆಸಿ ತಯಾರಿಸಿದ ಲೇಪವನ್ನು ಎಮಲ್ಷನ್ ಎನ್ನುತ್ತಾರೆ. ಸಾಮಾನ್ಯ ಕ್ಯಾಮೆರಾಗಳಲ್ಲಿ ಈ ಲೇಪವನ್ನು ಬಾಗುವ ಫಿಲ್ಮಿನ ಮೇಲೆ ಹಚ್ಚಿರುತ್ತಾರೆ. ಖಗೋಳಜ್ಞರಿಗೆ ನಕ್ಷತ್ರಗಳ ಸ್ಥಾನವನ್ನು ನಿಖರವಾಗಿ ಅಳೆಯಬೇಕಾದುದರಿಂದ, ಕುಗ್ಗದ ಹಿಗ್ಗದ ಗಾಜಿನ ಫಲಕದ ಮೇಲೆ ಹಚ್ಚಿದ ಲೇಪವೇ ಬೇಕಾಗಿತ್ತು.

ಎಮಲ್ಷನ್‌ಗಳಲ್ಲಿ ಹಲವು ಬಗೆಗಳಿದ್ದವು. ಬೆಳ್ಳಿಯ ಲವಣ ಸಹಜವಾಗಿ ನೀಲಿ ಮತ್ತು ನೇರಳೆ ಬೆಳಕಿಗೆ ಮಾತ್ರ ಸ್ಪಂದಿಸುತ್ತದೆ. ಹಸಿರು, ಹಳದಿ, ಕೆಂಪು ಬೆಳಕು ಅದರ ಮೇಲೆ ಅಚ್ಚೊತ್ತಬೇಕಾದರೆ ತಕ್ಕ ವರ್ಣದ್ರವ್ಯಗಳನ್ನು ಸೇರಿಸಬೇಕು. ಹೀಗೆ ಸಿದ್ಧಪಡಿಸಿದ ಕೆಂಪು ಫಲಕಗಳು ನೀಲಿ ಫಲಕಗಳಿಗಿಂತ ಬಹಳ ಮಂದಗತಿಯವಾಗಿದ್ದವು.

ಮತ್ತೊಂದು ತೊಡಕು ದೀರ್ಘ ಅವಧಿಯದು. ಹಗಲಿನ ಛಾಯಾಗ್ರಹಣದಲ್ಲಿ ಬೆಳಕು ಅರ್ಧವಾದರೆ ಅವಧಿಯನ್ನು ದುಪ್ಪಟ್ಟು ಮಾಡಿದರೆ ಸಾಕು, ಅದೇ ಚಿತ್ರ ದೊರೆಯುತ್ತದೆ. ನಕ್ಷತ್ರಗಳ ಅತಿ ಕ್ಷೀಣ ಬೆಳಕಿಗೆ ಈ ಲೆಕ್ಕ ಹೊಂದುವುದಿಲ್ಲ. ಬೆಳಕು ತೀರ ನಿಧಾನವಾಗಿ ಬಂದು ಬಿದ್ದಾಗ ಎಮಲ್ಷನ್ ದಣಿದಂತಾಗಿ ಅದರ ಗ್ರಹಣಶಕ್ತಿ ಕುಂದುತ್ತದೆ. ಆದ್ದರಿಂದ, ಕ್ಷಣಾರ್ಧದ ಚಿತ್ರಕ್ಕೆ ಅತಿ ವೇಗದ್ದೆನಿಸಿದ ಎಮಲ್ಷನ್, ಗಂಟೆಗಟ್ಟಲೆ ಒಡ್ಡುವ ಖಗೋಳ ಚಿತ್ರಕ್ಕೆ ನಿರುಪಯುಕ್ತವಾಗಬಹುದು. ವೇಗದಲ್ಲಿ ಹಿಂದುಳಿದದ್ದೇ ಕೊನೆಯಲ್ಲಿ ಗೆಲ್ಲಬಹುದು. ಅಮೆರಿಕದ ರಾಚೆಸ್ಟರ್ ನಗರದ ಈಸ್ಟ್‌ಮನ್ ಕೊಡಾಕ್ ಕಂಪನಿಯ ಸಂಶೋಧನಾಲಯದ ಮುಖ್ಯಸ್ಥರಾಗಿದ್ದ ಕೆನೆತ್ ಮೀಸ್ ಅವರು ಖಗೋಳಜ್ಞರ ಈ ಅಗತ್ಯವನ್ನು ಅರಿತು ವಿಶೇಷ ಫಲಕಗಳನ್ನು ತಯಾರಿಸಲು ಪ್ರೋತ್ಸಾಹ ನೀಡಿದರು. ಕ್ಷೀಣ ಬೆಳಕಿನಲ್ಲೂ ದಣಿಯದ ಈ ಫಲಕಗಳ ಸಂಖ್ಯೆಯ ಜೊತೆಗೆ ಎ ಎಂಬ ಅಕ್ಷರವಿರುತ್ತಿತ್ತು. ಅದರ ಮುಂದಿನ ಅಕ್ಷರ ಬಣ್ಣವನ್ನು ತಿಳಿಸುತ್ತಿತ್ತು: 103ಎ-ಓ ಎಂದರೆ ನೀಲಿಗೆ, 103ಎ-ಡಿ ಎಂದರೆ ಹಳದಿಯವರೆಗೆ, 103ಎ-ಇ ಎಂದರೆ ಕೆಂಪಿಗೆ ಸ್ಪಂದಿಸುವ ಫಲಕ.

ಮೂರನೆಯ ಮಿತಿ ಆಕಾಶದ್ದೇ. ಕಗ್ಗತ್ತಲ ರಾತ್ರಿಯಲ್ಲೂ ವಾಯುಮಂಡಲದ ಮೇಲ್ಪದರಗಳು ಮಂದವಾಗಿ ಹೊಳೆಯುತ್ತಿರುತ್ತವೆ. ನಗರದ ದೀಪಗಳ ಬೆಳಕೂ ಅದಕ್ಕೆ ಸೇರುತ್ತದೆ. ಫಲಕವನ್ನು ಹೆಚ್ಚು ಹೊತ್ತು ಒಡ್ಡಿದಷ್ಟೂ ಈ ಹೊಳಪು ಸಂಗ್ರಹವಾಗಿ ಇಡೀ ಚಿತ್ರ ಮಸುಕಾಗುತ್ತದೆ. ಮಂದ ನಕ್ಷತ್ರಗಳು ಆ ಮಸುಕಿನಲ್ಲಿ ಮುಳುಗಿಹೋಗುತ್ತವೆ.

ಯುದ್ಧಕಾಲ ಮತ್ತು ಆಂಡ್ರೊಮಿಡಾದ ಒಡಲು

ಹಬಲ್ ಅವರು ಆಂಡ್ರೊಮಿಡಾ ಗ್ಯಾಲಕ್ಸಿಯ ಹೊರಗಿನ ಸುರುಳಿ ತೋಳುಗಳಲ್ಲಿ ಬಿಡಿಬಿಡಿಯಾದ ನಕ್ಷತ್ರಗಳನ್ನು ಕಂಡಿದ್ದರು. ಆದರೆ ಅದರ ನಡುಭಾಗವಾಗಲಿ, ಜೊತೆಗಿರುವ ಎಂ32 ಮತ್ತು ಎನ್‌ಜಿಸಿ 205 ಎಂಬ ಚಿಕ್ಕ ಗ್ಯಾಲಕ್ಸಿಗಳಾಗಲಿ ಎಷ್ಟೇ ಫಲಕಗಳನ್ನು ಬಳಸಿದರೂ ಮಂಜಿನ ಮುದ್ದೆಯಂತೆಯೇ ಕಾಣುತ್ತಿದ್ದವು. ಅಲ್ಲಿ ನಕ್ಷತ್ರಗಳಿವೆಯೆಂಬುದು ನಿಶ್ಚಿತ. ಅವು ಏಕೆ ಕಾಣವು ಎಂಬುದು ಎರಡು ದಶಕಗಳ ಒಗಟಾಗಿತ್ತು.

ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ಇಳಿದಾಗ ಮೌಂಟ್ ವಿಲ್ಸನ್‌ನ ವಿಜ್ಞಾನಿಗಳಲ್ಲಿ ಹಲವರು ಸೇನಾ ಸಂಶೋಧನೆಗೆ ತೆರಳಿದರು. ಹಬಲ್ ಕೂಡ ಸೇನೆಯ ಕೆಲಸಕ್ಕೆ ಹೋದರು. ಬಾಡೆಯವರ ಪರಿಸ್ಥಿತಿ ಬೇರೆಯಾಗಿತ್ತು. ಅಮೆರಿಕದ ಪೌರತ್ವಕ್ಕಾಗಿ ಪ್ರಕ್ರಿಯೆ ಆರಂಭಿಸಿದ್ದರೂ ಅದನ್ನು ಅವರು ಪೂರ್ಣಗೊಳಿಸಿರಲಿಲ್ಲ. ಹೀಗಾಗಿ ಕಾನೂನಿನ ದೃಷ್ಟಿಯಲ್ಲಿ ಅವರು ಶತ್ರುದೇಶದ ಪ್ರಜೆಯಾದರು. ರಾತ್ರಿ ಮನೆಯಿಂದ ಹೊರಹೋಗಬಾರದೆಂಬ ನಿರ್ಬಂಧ ಅವರಿಗೂ ಅನ್ವಯವಾಯಿತು. ರಾತ್ರಿಯೇ ಕೆಲಸದ ವೇಳೆಯಾದ ಖಗೋಳಜ್ಞನಿಗೆ ಇದು ವೃತ್ತಿಯನ್ನೇ ಕಸಿದುಕೊಂಡಂತೆ. ವೀಕ್ಷಣಾಲಯದ ನಿರ್ದೇಶಕ ವಾಲ್ಟರ್ ಆ್ಯಡಮ್ಸ್ ಮೊದಲಾದವರು ಅಧಿಕಾರಿಗಳಿಗೆ ಮನವಿ ಮಾಡಿಕೊಂಡ ಮೇಲೆ ಬೆಟ್ಟದ ಮೇಲೆ ವೀಕ್ಷಣೆ ಮಾಡಲು ಅನುಮತಿ ದೊರೆಯಿತು. ಸೇನೆಯ ಕೆಲಸಕ್ಕೆ ಅವರನ್ನು ಸೇರಿಸಿಕೊಳ್ಳುವಂತಿರಲಿಲ್ಲ. ಇತರ ವೀಕ್ಷಕರು ಊರಲ್ಲಿರಲಿಲ್ಲ. ಇದರ ಫಲವಾಗಿ ಜಗತ್ತಿನ ಅತಿ ದೊಡ್ಡ ದೂರದರ್ಶಕ ಹೆಚ್ಚುಕಡಿಮೆ ಅವರೊಬ್ಬರ ಪಾಲಿಗೆ ಬಂದಿತು. ಮೇಲಾಗಿ, ಬೆಟ್ಟದ ಕೆಳಗಿನ ಲಾಸ್ ಏಂಜಲೀಸ್ ನಗರದ ದೀಪಗಳನ್ನು ಯುದ್ಧದ ಕಾರಣ ಮಂದಗೊಳಿಸಲಾಗಿತ್ತು. ಬಹುಕಾಲದಿಂದ ಕಾಣದಂಥ ಕತ್ತಲೆ ಮೌಂಟ್ ವಿಲ್ಸನ್‌ಗೆ ಮರಳಿತ್ತು.

ಈ ಅನುಕೂಲಗಳಿದ್ದರೂ ನೀಲಿ ಫಲಕಗಳಲ್ಲಿ ಆಂಡ್ರೊಮಿಡಾದ ನಡುಭಾಗ ಪೂರ್ಣವಾಗಿ ಬಿಡಿಸಿಕೊಳ್ಳಲಿಲ್ಲ. 1942ರ ಅತ್ಯುತ್ತಮ ಫಲಕಗಳಲ್ಲಿ ಮಂಜಿನ ಮುದ್ದೆ ಕಣಕಣವಾಗಿ ಒಡೆಯುತ್ತಿರುವ ಸುಳಿವು ಮಾತ್ರ ಬಾಡೆಯವರ ಪಳಗಿದ ಕಣ್ಣಿಗೆ ಕಂಡಿತು. ನೀಲಿ ಫಲಕದ ಶಕ್ತಿ ಅಲ್ಲಿಗೆ ಮುಗಿದಿತ್ತು. ಇನ್ನೂ ಹೆಚ್ಚು ಹೊತ್ತು ಒಡ್ಡಿದರೆ ಆಕಾಶದ ಹೊಳಪೇ ಚಿತ್ರವನ್ನು ಮುಚ್ಚಿಬಿಡುತ್ತಿತ್ತು.

ಆಗ ಬಾಡೆ ಕೆಂಪು ಫಲಕವನ್ನು ಆರಿಸಿಕೊಂಡರು. ಕ್ಷೀರಪಥದ ಗೋಳಾಕಾರದ ನಕ್ಷತ್ರಗುಚ್ಛಗಳಲ್ಲಿ ಅತಿ ಪ್ರಕಾಶಮಾನವಾದವು ನೀಲಿ ನಕ್ಷತ್ರಗಳಲ್ಲ, ಕೆಂಪು ದೈತ್ಯಗಳು. ಆಂಡ್ರೊಮಿಡಾದ ಒಡಲಲ್ಲಿರುವುದೂ ಅಂಥ ನಕ್ಷತ್ರಗಳೇ ಆಗಿದ್ದರೆ ಅವು ನೀಲಿ ಫಲಕದಲ್ಲಿ ಮಂಕಾಗಿ, ಕೆಂಪು ಫಲಕದಲ್ಲಿ ಸ್ಫುಟವಾಗಿ ಕಾಣಬೇಕು. ಕೊಡಾಕ್ ಕಂಪನಿಯ ಸುಧಾರಿತ ಕೆಂಪು ಫಲಕಗಳು ಆಗ ಲಭ್ಯವಾಗಿದ್ದವು. ಅವುಗಳೊಡನೆ ಗಾಢ ಕೆಂಪು ಗಾಜಿನ ಶೋಧಕವನ್ನು ಬಳಸಿದರೆ ವಾಯುಮಂಡಲದ ಹೊಳಪಿನ ಬಹುಪಾಲು ತಡೆಯಲ್ಪಡುತ್ತಿತ್ತು. ಆದ್ದರಿಂದ ಆಕಾಶ ಮಸುಕಾಗುವ ಮೊದಲು ಫಲಕವನ್ನು ಹಲವು ಗಂಟೆಗಳ ಕಾಲ ಒಡ್ಡಬಹುದಾಗಿತ್ತು.

ಈ ಆಯ್ಕೆಗೆ ತೆರಬೇಕಾದ ಬೆಲೆಯೂ ಇತ್ತು. ಕೆಂಪು ಫಲಕದ ಮಂದಗತಿಯನ್ನು ನೀಗಿಸಲು, ಬಳಸುವ ಮುನ್ನ ಅದನ್ನು ಕತ್ತಲಲ್ಲೇ ಅಮೋನಿಯಾ ದ್ರಾವಣದಲ್ಲಿ ಅದ್ದಿ ಬೇಗನೆ ಒಣಗಿಸಬೇಕಾಗಿತ್ತು. ಹೀಗೆ ಸಂಸ್ಕರಿಸಿದ ಫಲಕದ ಗ್ರಹಣಶಕ್ತಿ ಹೆಚ್ಚುತ್ತದೆ. ಆದರೆ ಅದು ಬಹಳ ಹೊತ್ತು ಕೆಡದೆ ಉಳಿಯುವುದಿಲ್ಲ. ಬೇಗ ಬಳಸದಿದ್ದರೆ ತಾನಾಗಿಯೇ ಕಪ್ಪಾಗುತ್ತದೆ. ನಾಲ್ಕು ಗಂಟೆಗಳಷ್ಟು ಕಾಲ ದೂರದರ್ಶಕವನ್ನು ಕೂದಲೆಳೆಯಷ್ಟೂ ತಪ್ಪದಂತೆ ನಡೆಸಬೇಕು. ರಾತ್ರಿ ತಣ್ಣಗಾದಂತೆ ದೊಡ್ಡ ದರ್ಪಣದ ಆಕಾರ ಸೂಕ್ಷ್ಮವಾಗಿ ಬದಲಾಗಿ ನಾಭಿ ಸರಿಯುತ್ತದೆ. ಫಲಕವನ್ನು ಹೊರತೆಗೆದು ನೋಡುವಂತಿಲ್ಲ. ಮಾರ್ಗದರ್ಶಕ ನಕ್ಷತ್ರದ ಬಿಂಬದ ಆಕಾರದಲ್ಲಾಗುವ ಅಲ್ಪ ವ್ಯತ್ಯಾಸಗಳನ್ನು ಗಮನಿಸುತ್ತ, ನಾಭಿಯನ್ನು ಒಡ್ಡುವಿಕೆಯ ನಡುವೆಯೇ ಸರಿಪಡಿಸುವ ವಿಧಾನವನ್ನು ಬಾಡೆ ರೂಢಿಸಿಕೊಂಡರು. ವಾಯುಮಂಡಲ ಅತ್ಯಂತ ನಿಶ್ಚಲವಾಗಿರುವ, ದರ್ಪಣ ಸ್ಥಿರವಾಗಿರುವ ಬೆರಳೆಣಿಕೆಯ ರಾತ್ರಿಗಳಿಗಾಗಿ ಅವರು ಕಾಯುತ್ತಿದ್ದರು.

1943ರ ಶರತ್ಕಾಲದಲ್ಲಿ ಈ ಪರಿಶ್ರಮ ಫಲಿಸಿತು. ಕೆಂಪು ಫಲಕಗಳನ್ನು ಸಂಸ್ಕರಿಸಿ ನೋಡಿದಾಗ ಆಂಡ್ರೊಮಿಡಾದ ನಡುಭಾಗ, ಎಂ32, ಎನ್‌ಜಿಸಿ 205 ಮೂರೂ ಸಾವಿರಾರು ಮಂದ ನಕ್ಷತ್ರಗಳ ದಟ್ಟ ಹರವಾಗಿ ಬಿಡಿಸಿಕೊಂಡಿದ್ದವು. ಮರುವರ್ಷ ಆಸ್ಟ್ರೋಫಿಸಿಕಲ್ ಜರ್ನಲ್ ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ನಕ್ಷತ್ರಗಳ ಎರಡು ಸಮುದಾಯಗಳು

ಬಾಡೆ ಚಿತ್ರ ತೆಗೆಯುವಷ್ಟಕ್ಕೆ ನಿಲ್ಲದೆ ಅದರ ಅರ್ಥವನ್ನೂ ಶೋಧಿಸಿದರು. ಸುರುಳಿ ತೋಳುಗಳಲ್ಲಿ ಪ್ರಧಾನವಾಗಿ ಕಾಣುವುದು ಬಿಸಿಯಾದ, ನೀಲಿ ಬಣ್ಣದ, ಅತಿ ಪ್ರಖರ ನಕ್ಷತ್ರಗಳು. ಅವುಗಳ ಸುತ್ತ ಅನಿಲ ಮತ್ತು ಧೂಳು ಹೇರಳ. ಇವನ್ನು ಮೊದಲನೆಯ ಸಮುದಾಯ ಎಂದು ಅವರು ಹೆಸರಿಸಿದರು. ಗ್ಯಾಲಕ್ಸಿಯ ನಡುಭಾಗ, ಗೋಳಾಕಾರದ ಗುಚ್ಛಗಳು ಮತ್ತು ದೀರ್ಘವೃತ್ತಾಕಾರದ ಗ್ಯಾಲಕ್ಸಿಗಳಲ್ಲಿ ಕೆಂಪು ದೈತ್ಯಗಳೇ ಪ್ರಧಾನ. ಅಲ್ಲಿ ಅನಿಲ, ಧೂಳು ವಿರಳ. ಇವು ಎರಡನೆಯ ಸಮುದಾಯ. ಈ ವ್ಯತ್ಯಾಸಕ್ಕೆ ವಯಸ್ಸು ಮುಖ್ಯ ಕಾರಣವೆಂಬುದು ಮುಂದಿನ ವರ್ಷಗಳಲ್ಲಿ ಸ್ಪಷ್ಟವಾಯಿತು. ಮೊದಲನೆಯ ಸಮುದಾಯದಲ್ಲಿ ಇತ್ತೀಚೆಗೆ ಹುಟ್ಟಿದ ನಕ್ಷತ್ರಗಳಿವೆ. ಎರಡನೆಯದರಲ್ಲಿ ಹಳೆಯ ನಕ್ಷತ್ರಗಳು ಮಾತ್ರ ಉಳಿದಿವೆ. ಗೋಳಾಕಾರದ ಗುಚ್ಛಗಳ ಹಳೆಯ ನಕ್ಷತ್ರಗಳಲ್ಲಿ ಹೀಲಿಯಂಗಿಂತ ಭಾರವಾದ ಧಾತುಗಳು ಕಡಿಮೆ ಇರುವುದೂ ತಿಳಿದುಬಂದಿತು. ನಕ್ಷತ್ರಗಳ ವಿಕಾಸ ಮತ್ತು ಗ್ಯಾಲಕ್ಸಿಗಳ ಇತಿಹಾಸದ ಅಧ್ಯಯನಕ್ಕೆ ಈ ವಿಂಗಡಣೆ ಅಡಿಪಾಯ ಹಾಕಿತು.

ನಮ್ಮ ಕ್ಷೀರಪಥದ ಕೇಂದ್ರವನ್ನು ದಟ್ಟ ಧೂಳಿನ ಮೋಡಗಳು ಮರೆಮಾಡಿವೆ. ಧನು ರಾಶಿಯಲ್ಲಿ ಎನ್‌ಜಿಸಿ 6522 ಎಂಬ ಗೋಳಾಕಾರದ ಗುಚ್ಛದ ಸುತ್ತ ಧೂಳು ತುಸು ವಿರಳವಾಗಿರುವ ಕಿಂಡಿಯೊಂದರ ಮೂಲಕ ಬಾಡೆ ಅತ್ತ ಇಣುಕಿ, ಆರ್‌ಆರ್ ಲೈರೆ ಎಂಬ ವರ್ಗದ ಮಿಡಿಯುವ ನಕ್ಷತ್ರಗಳನ್ನು ಅಪಾರ ಸಂಖ್ಯೆಯಲ್ಲಿ ಕಂಡರು. ಇದರಿಂದ ಕೇಂದ್ರಕ್ಕಿರುವ ದೂರವನ್ನು ಅಂದಾಜಿಸಲು ಸಾಧ್ಯವಾಯಿತು. ಆಕಾಶದ ಆ ಭಾಗವನ್ನು ಇಂದಿಗೂ ಬಾಡೆಯ ಕಿಂಡಿ ಎಂದೇ ಕರೆಯಲಾಗುತ್ತದೆ.

ವಿಶ್ವದ ದೂರಮಾನದ ತಿದ್ದುಪಡಿ

1948ರಲ್ಲಿ ಪಾಲೊಮಾರ್ ಪರ್ವತದ ಮೇಲಿನ 200 ಅಂಗುಲದ ಹೇಲ್ ದೂರದರ್ಶಕ ಲೋಕಾರ್ಪಣೆಯಾಯಿತು. ಅದರ ಶಕ್ತಿಗೆ ಆಂಡ್ರೊಮಿಡಾದ ಆರ್‌ಆರ್ ಲೈರೆ ನಕ್ಷತ್ರಗಳು ಎಟುಕಬೇಕೆಂದು ಬಾಡೆ ಲೆಕ್ಕ ಹಾಕಿದ್ದರು. ಆದರೆ ಫಲಕಗಳಲ್ಲಿ ಅವು ಕಾಣಿಸಲೇ ಇಲ್ಲ. ಅವು ಇರಬೇಕಾಗಿದ್ದ ಪ್ರಕಾಶಮಟ್ಟದಲ್ಲಿ ಕಂಡದ್ದು ಎರಡನೆಯ ಸಮುದಾಯದ ಅತಿ ಪ್ರಖರ ಕೆಂಪು ದೈತ್ಯಗಳು ಮಾತ್ರ.

ಕಾಣಬೇಕಾದ್ದು ಕಾಣದಿರುವುದೇ ಇಲ್ಲಿ ಶೋಧನೆಯಾಯಿತು. ಉಪಕರಣದಲ್ಲಾಗಲಿ ಫಲಕದಲ್ಲಾಗಲಿ ದೋಷವಿಲ್ಲವೆಂಬ ಭರವಸೆ ಬಾಡೆಯವರಿಗಿತ್ತು. ಹಾಗಿದ್ದರೆ ಆಂಡ್ರೊಮಿಡಾ ಎಣಿಸಿದ್ದಕ್ಕಿಂತ ಬಹಳ ದೂರದಲ್ಲಿರಬೇಕು. ಹಬಲ್ ಆ ದೂರವನ್ನು ಅಳೆದದ್ದು ಸೆಫೀಡ್ ಎಂಬ ಮಿಡಿಯುವ ನಕ್ಷತ್ರಗಳ ನೆರವಿನಿಂದ. ಸೆಫೀಡ್‌ಗಳಲ್ಲಿ ಎರಡು ಬಗೆಗಳಿದ್ದು, ಮೊದಲನೆಯ ಸಮುದಾಯಕ್ಕೆ ಸೇರಿದವು ಎರಡನೆಯದಕ್ಕೆ ಸೇರಿದವುಗಳಿಗಿಂತ ಸುಮಾರು ನಾಲ್ಕು ಪಟ್ಟು ಪ್ರಖರವಾಗಿವೆ ಎಂದು ಬಾಡೆ ಮನಗಂಡರು. ನಾಲ್ಕು ಪಟ್ಟು ಪ್ರಖರವಾದ ದೀಪ ಅಷ್ಟೇ ಮಂದವಾಗಿ ಕಾಣಬೇಕಾದರೆ ಅದು ಎರಡು ಪಟ್ಟು ದೂರದಲ್ಲಿರಬೇಕು. ಹೀಗೆ ಆಂಡ್ರೊಮಿಡಾದ ದೂರವೂ, ಅದನ್ನು ಆಧರಿಸಿದ ಇತರ ಗ್ಯಾಲಕ್ಸಿಗಳ ದೂರಗಳೂ ಇಮ್ಮಡಿಯಾದವು.

1952ರ ಸೆಪ್ಟೆಂಬರಿನಲ್ಲಿ ರೋಮ್ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮ್ಮೇಳನದಲ್ಲಿ ಬಾಡೆ ಇದನ್ನು ಘೋಷಿಸಿದರು. ದಕ್ಷಿಣ ಆಫ್ರಿಕದ ರ್ಯಾಡ್‌ಕ್ಲಿಫ್ ವೀಕ್ಷಣಾಲಯದ ಡೇವಿಡ್ ಥ್ಯಾಕರೆ ತಮ್ಮ ವೀಕ್ಷಣೆಗಳೂ ಇದನ್ನೇ ಸಮರ್ಥಿಸುತ್ತವೆಂದು ಅದೇ ಸಭೆಯಲ್ಲಿ ತಿಳಿಸಿದರು. ಈ ತಿದ್ದುಪಡಿ ಒಂದು ದೊಡ್ಡ ಇಕ್ಕಟ್ಟನ್ನು ಸಡಿಲಿಸಿತು. ಹಬಲ್ ಅವರ ಅಳತೆಗಳ ಪ್ರಕಾರ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷವೆಂದು ಬರುತ್ತಿತ್ತು. ಬಂಡೆಗಳ ಅಧ್ಯಯನದಿಂದ ಭೂಮಿಯ ವಯಸ್ಸು ಅದಕ್ಕಿಂತ ಹೆಚ್ಚೆಂದು ಭೂವಿಜ್ಞಾನಿಗಳು ಕಂಡಿದ್ದರು. ತಾಯಿಗಿಂತ ಮಗಳಿಗೆ ವಯಸ್ಸು ಹೆಚ್ಚಾದಂಥ ಈ ವಿರೋಧಾಭಾಸ, ವಿಶ್ವದ ಅಂದಾಜು ವಯಸ್ಸು ದುಪ್ಪಟ್ಟಾದಾಗ ಬಹುಮಟ್ಟಿಗೆ ತಗ್ಗಿತು. ಅನಂತರದ ಸಂಶೋಧನೆಗಳು ದೂರಗಳನ್ನು ಇನ್ನಷ್ಟು ಹಿಗ್ಗಿಸಿವೆ. ಆಂಡ್ರೊಮಿಡಾ ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳ ದೂರದಲ್ಲಿದೆಯೆಂಬುದು ಇಂದಿನ ಅಂಗೀಕೃತ ಮೌಲ್ಯ.

ಇತರ ಸಂಶೋಧನೆಗಳು

ಪಾಲೊಮಾರ್‌ನ 48 ಅಂಗುಲದ ಸ್ಮಿತ್ ದೂರದರ್ಶಕದಿಂದ ಬಾಡೆ 1949ರಲ್ಲಿ ಇಕಾರಸ್ ಎಂಬ ಕ್ಷುದ್ರಗ್ರಹವನ್ನು ಕಂಡುಹಿಡಿದರು. ಅದು ಬುಧನ ಕಕ್ಷೆಗಿಂತಲೂ ಒಳಗೆ ಹೋಗಿ ಸೂರ್ಯನನ್ನು ಸಮೀಪಿಸುತ್ತದೆ. ಅದೇ ವರ್ಷ ಆ ದೂರದರ್ಶಕದಿಂದ ಪಾಲೊಮಾರ್ ಆಕಾಶ ಸಮೀಕ್ಷೆ ಆರಂಭವಾಯಿತು. ಆಕಾಶದ ಪ್ರತಿಯೊಂದು ಭಾಗವನ್ನೂ 103ಎ-ಓ ನೀಲಿ ಫಲಕ ಮತ್ತು 103ಎ-ಇ ಕೆಂಪು ಫಲಕ ಎರಡರಲ್ಲೂ ಸೆರೆಹಿಡಿದದ್ದು ಈ ಸಮೀಕ್ಷೆಯ ವೈಶಿಷ್ಟ್ಯ. ಎರಡನ್ನೂ ಹೋಲಿಸಿದರೆ ನಕ್ಷತ್ರದ ಬಣ್ಣ ಒಡನೆಯೇ ತಿಳಿಯುತ್ತಿತ್ತು.

ಜಲಜನಕದ ಕೆಂಪು ಬೆಳಕನ್ನು ಗ್ರಹಿಸುವ ಫಲಕಗಳ ಮೂಲಕ ಬಾಡೆ ಆಂಡ್ರೊಮಿಡಾದಲ್ಲಿ ನೂರಾರು ಹೊಳೆಯುವ ಅನಿಲ ಮೋಡಗಳನ್ನು ಗುರುತಿಸಿದರು. ಅವು ಸುರುಳಿ ತೋಳುಗಳ ಉದ್ದಕ್ಕೂ ಮಣಿಗಳಂತೆ ಪೋಣಿಸಿಕೊಂಡಿದ್ದವು. ಈ ಅರಿವು ಕ್ಷೀರಪಥದ ಸುರುಳಿ ತೋಳುಗಳನ್ನು ಗುರುತಿಸಲು ಅಮೆರಿಕದ ವಿಲಿಯಂ ಮಾರ್ಗನ್ ಅವರಿಗೆ ನೆರವಾಯಿತು.

ರೇಡಿಯೊ ಖಗೋಳವಿಜ್ಞಾನ ಎಳೆಯದಾಗಿದ್ದಾಗ, ಆಕಾಶದಿಂದ ಬರುವ ರೇಡಿಯೊ ಅಲೆಗಳ ಮೂಲ ಯಾವುದೆಂಬುದು ಅಸ್ಪಷ್ಟವಾಗಿತ್ತು. ಕೇಂಬ್ರಿಜ್‌ನ ಗ್ರಹಾಂ ಸ್ಮಿತ್ ನೀಡಿದ ನಿಖರ ಸ್ಥಾನವನ್ನು ಅನುಸರಿಸಿ ಬಾಡೆ ಮತ್ತು ರುಡಾಲ್ಫ್ ಮಿಂಕೋವ್ಸ್ಕಿ ಅವರು ಸಿಗ್ನಸ್ ಎ ಎಂಬ ಪ್ರಬಲ ಮೂಲವನ್ನು ಬಹುದೂರದ ಗ್ಯಾಲಕ್ಸಿಯೊಂದಿಗೆ ಹೊಂದಿಸಿದರು. ಈ ಕೆಲಸ 1954ರಲ್ಲಿ ಪ್ರಕಟವಾಯಿತು. ಅಷ್ಟು ದೂರದ ಗ್ಯಾಲಕ್ಸಿಯಿಂದ ಅಷ್ಟು ಬಲವಾದ ರೇಡಿಯೊ ಅಲೆಗಳು ಬರಬಹುದೆಂಬುದು ಆಗ ಹಲವರಿಗೆ ಅಚ್ಚರಿಯ ಸಂಗತಿಯಾಗಿತ್ತು.

ಕೊನೆಯ ವರ್ಷಗಳು

ಬಾಡೆ ಬರೆದು ಪ್ರಕಟಿಸಿದ್ದು ಮಾಡಿದ ಕೆಲಸಕ್ಕೆ ಹೋಲಿಸಿದರೆ ಅಲ್ಪ. ಪೂರ್ಣ ತೃಪ್ತಿಯಾಗುವವರೆಗೂ ಫಲಿತಾಂಶಗಳನ್ನು ತಮ್ಮಲ್ಲೇ ಇರಿಸಿಕೊಳ್ಳುತ್ತಿದ್ದರು. ಆದರೆ ಸಹೋದ್ಯೋಗಿಗಳೊಡನೆ ಮಾತುಕತೆ ಮತ್ತು ಪತ್ರಗಳ ಮೂಲಕ ಧಾರಾಳವಾಗಿ ಹಂಚಿಕೊಳ್ಳುತ್ತಿದ್ದರು. ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದ ಆಲನ್ ಸ್ಯಾಂಡೇಜ್ ಮುಂದೆ ವಿಶ್ವದ ದೂರಮಾನದ ಸಂಶೋಧನೆಯನ್ನು ದಶಕಗಳ ಕಾಲ ಮುಂದುವರಿಸಿದರು. ಆಂಡ್ರೊಮಿಡಾದ ಮಿಡಿಯುವ ನಕ್ಷತ್ರಗಳ ಫಲಕಗಳನ್ನು ಅಳೆಯುವಲ್ಲಿ ನೆರವಾದ ಹೆನ್ರಿಯೆಟಾ ಸ್ವೋಪ್, ಆ ಅಧ್ಯಯನವನ್ನು ಬಾಡೆಯವರ ಮರಣಾನಂತರ ಪೂರ್ತಿಗೊಳಿಸಿ ಪ್ರಕಟಿಸಿದರು.

1954ರಲ್ಲಿ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಚಿನ್ನದ ಪದಕ ಮತ್ತು 1955ರಲ್ಲಿ ಬ್ರೂಸ್ ಪದಕ ಅವರಿಗೆ ಸಂದವು. 1958ರಲ್ಲಿ ನಿವೃತ್ತರಾದ ಬಾಡೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಮಾಲೆಯನ್ನು ನೀಡಿದರು. ಸಿಸಿಲಿಯಾ ಪೇನ್-ಗಪೋಷ್ಕಿನ್ ಸಂಪಾದಿಸಿದ ಆ ಉಪನ್ಯಾಸಗಳು 1963ರಲ್ಲಿ ಪುಸ್ತಕವಾಗಿ ಹೊರಬಂದವು. ಆಸ್ಟ್ರೇಲಿಯಾದಲ್ಲಿ ಕೆಲವು ತಿಂಗಳು ಕಳೆದ ಬಳಿಕ ಅವರು ತಾವು ಓದಿದ ಗಟಿಂಗೆನ್‌ಗೆ ಪ್ರಾಧ್ಯಾಪಕರಾಗಿ ಮರಳಿದರು. ಜೀವನವಿಡೀ ಬಾಧಿಸಿದ ಸೊಂಟದ ಶಸ್ತ್ರಚಿಕಿತ್ಸೆಯ ನಂತರ ಚೇತರಿಸಿಕೊಳ್ಳದೆ, 1960ರ ಜೂನ್ 25ರಂದು ಅಲ್ಲಿಯೇ ನಿಧನರಾದರು.

ಪ್ರಭಾವ ಮತ್ತು ಸ್ಮರಣೆ

ಚಂದ್ರನ ಮೇಲಿನ ಒಂದು ಕುಳಿಗೂ 1501ನೆಯ ಸಂಖ್ಯೆಯ ಕ್ಷುದ್ರಗ್ರಹಕ್ಕೂ ಬಾಡೆಯವರ ಹೆಸರಿದೆ. ಚಿಲಿ ದೇಶದ ಲಾಸ್ ಕಂಪಾನಾಸ್ ವೀಕ್ಷಣಾಲಯದಲ್ಲಿರುವ 6.5 ಮೀಟರ್ ವ್ಯಾಸದ ಎರಡು ಮೆಜೆಲ್ಲನ್ ದೂರದರ್ಶಕಗಳಲ್ಲಿ ಒಂದನ್ನು ಅವರ ಹೆಸರಿನಿಂದ ಕರೆಯಲಾಗಿದೆ.

ಫಲಕಗಳನ್ನು ರಾಸಾಯನಿಕವಾಗಿ ಹುರಿಗೊಳಿಸುವ ಕ್ರಮ ಬಾಡೆಯವರ ನಂತರವೂ ಬೆಳೆಯಿತು. 1970ರ ದಶಕದಲ್ಲಿ ಅಮೋನಿಯಾದ ಬದಲು ಜಲಜನಕ ಮತ್ತು ಸಾರಜನಕ ಅನಿಲಗಳ ಬಳಕೆ ರೂಢಿಗೆ ಬಂದಿತು; ಹವ್ಯಾಸಿ ಖಗೋಳ ಛಾಯಾಗ್ರಾಹಕರು ಕೂಡ ಫಿಲ್ಮನ್ನು ಹಾಗೆ ಸಂಸ್ಕರಿಸಿ ಬಳಸಿದರು. ಕ್ರಮೇಣ ವಿದ್ಯುನ್ಮಾನ ಗ್ರಾಹಕಗಳು ಬಂದು ಗಾಜಿನ ಫಲಕಗಳು ಮರೆಯಾದವು. ಆದರೂ ನೋಡಬೇಕಾದ ವಸ್ತು ಯಾವ ಬಣ್ಣದಲ್ಲಿ ಹೊಳೆಯುತ್ತದೆ, ಆಕಾಶ ಯಾವ ಬಣ್ಣದಲ್ಲಿ ಕತ್ತಲಾಗಿರುತ್ತದೆ ಎಂಬುದನ್ನು ಮೊದಲು ಅರಿತು ಅದಕ್ಕೆ ತಕ್ಕ ಗ್ರಾಹಕ ಮತ್ತು ಶೋಧಕಗಳನ್ನು ಆರಿಸಿಕೊಳ್ಳುವ ಬಾಡೆಯವರ ಕ್ರಮ ಖಗೋಳ ಛಾಯಾಗ್ರಹಣದಲ್ಲಿ ಇಂದಿಗೂ ಬಳಕೆಯಲ್ಲಿದೆ.